ಸ್ಕಿಡ್ ಸ್ಟೀರ್ ಲೋಡರಿನ ಡೀಸೆಲ್ ಫ್ಲೋಟ್ ಬದಲಾಯಿಸುವ ಕ್ರಮ

ಡೀಸೆಲ್ ಗೇಜು ಕೆಟ್ಟಿತೆಂದು ಸ್ಕಿಡ್ ಸ್ಟೀರ್, ಅಂದರೆ ಮುಂದೆ ಬಕೆಟ್ ಇರುವ ಸಣ್ಣ ಲೋಡರ್, ನಿಲ್ಲುವುದಿಲ್ಲ. ಆ ಕಾರಣದಿಂದಲೇ, ಡೀಸೆಲ್ ಮಟ್ಟವನ್ನು ಗೇಜಿಗೆ ತಿಳಿಸುವ ಟ್ಯಾಂಕಿನೊಳಗಿನ ಫ್ಲೋಟನ್ನು ಬದಲಾಯಿಸುವ ಈ ದುರಸ್ತಿ ತಿಂಗಳುಗಟ್ಟಲೆ ಮುಂದಕ್ಕೆ ಹೋಗುತ್ತದೆ. ಮುಧೋಳ, ಜಮಖಂಡಿ ಭಾಗದ ಸಕ್ಕರೆ ಕಾರ್ಖಾನೆಗಳ ಬಗ್ಯಾಸ್ (ಕಬ್ಬಿನ ಸಿಪ್ಪೆ) ಅಂಗಳದಲ್ಲಿ, ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಗಳಲ್ಲಿ, ಇಳಕಲ್ಲಿನ ಗ್ರಾನೈಟ್ ಕೆಲಸದ ಜಾಗಗಳಲ್ಲಿ ದುಡಿಯುವ ಸಣ್ಣ ಲೋಡರುಗಳಲ್ಲಿ ಮುಳ್ಳು ಒಂದೇ ಕಡೆ ಅಂಟಿಕೊಂಡಿದ್ದರೆ, ಚಾಲಕರು ಟ್ಯಾಂಕಿಗೆ ಕಡ್ಡಿ ಇಳಿಸಿ ಡೀಸೆಲ್ ಅಳೆಯುವುದನ್ನೇ ರೂಢಿ ಮಾಡಿಕೊಳ್ಳುತ್ತಾರೆ. ಅದಕ್ಕಿಂತ ಬೇಸರದ ಸಂಗತಿಯೆಂದರೆ, ಗೇಜು ತೋರಿಸಿದ್ದಕ್ಕೂ ಪಂಪಿನ ಬಿಲ್ಲಿಗೂ ತಾಳೆಯಾಗದಿದ್ದಾಗ ಮಾಲೀಕರ ಅನುಮಾನ ಮೊದಲು ಬೀಳುವುದು ಚಾಲಕನ ಮೇಲೆ. ಒಂದು ಸವೆದ ಬಿಡಿಭಾಗದ ತಪ್ಪಿಗೆ ದುಡಿಯುವ ಮನುಷ್ಯನ ಮೇಲೆ ಡೀಸೆಲ್ ಕಳವಿನ ಆರೋಪ ಬರಬಾರದು. ಇದನ್ನು ಸಣ್ಣ ದುರಸ್ತಿ ಎಂದು ನಾನು ಒಪ್ಪದಿರುವುದಕ್ಕೆ ಅದೇ ಮುಖ್ಯ ಕಾರಣ.

ಇನ್ನೊಂದು ಕಾರಣ ಎಂಜಿನ್ನಿಗೆ ಸಂಬಂಧಿಸಿದ್ದು. ಡೀಸೆಲ್ ಪೂರ್ತಿ ಮುಗಿದು ಯಂತ್ರ ನಿಂತರೆ ಇಂಧನದ ಪೈಪುಗಳಲ್ಲಿ ಗಾಳಿ ಸೇರುತ್ತದೆ, ಟ್ಯಾಂಕಿನ ತಳದ ಕೆಸರು ಫಿಲ್ಟರಿಗೆ ಬರುತ್ತದೆ. ಹೊಸ ಕಾಮನ್ ರೈಲ್ (ಎಲ್ಲ ಸಿಲಿಂಡರುಗಳಿಗೂ ಒಂದೇ ಪೈಪಿನಿಂದ ಡೀಸೆಲ್ ಹೋಗುವ) ಎಂಜಿನ್ನುಗಳಲ್ಲಿ ಅಧಿಕ ಒತ್ತಡದ ಪಂಪಿಗೆ ಡೀಸೆಲ್ಲೇ ಜಾರುಎಣ್ಣೆಯೂ ಆಗಿರುವುದರಿಂದ, ಖಾಲಿ ಟ್ಯಾಂಕಿನಲ್ಲಿ ಓಡಿಸುವುದು ಆ ಪಂಪಿನ ಆಯುಷ್ಯವನ್ನು ಕಡಿಮೆ ಮಾಡುತ್ತದೆ.

ಒಳಗೆ ಏನು ನಡೆಯುತ್ತದೆ

ಗ್ಯಾರೇಜಿನಲ್ಲಿ ಫ್ಲೋಟ್ ಅಥವಾ ಟ್ಯಾಂಕ್ ಯೂನಿಟ್ ಎಂದು ಕರೆಯುವ ಈ ಸೆಂಡರಿನಲ್ಲಿ ಮುಖ್ಯವಾಗಿ ಎರಡು ಬಗೆಗಳಿವೆ. ಮೊದಲನೆಯದರಲ್ಲಿ ತಂತಿಯ ತೋಳಿನ ತುದಿಗೆ ತೇಲುವ ಗುಂಡು ಇರುತ್ತದೆ. ಡೀಸೆಲ್ ಏರಿಳಿದಂತೆ ತೋಳು ತಿರುಗಿ, ಒಳಗಿನ ಪಟ್ಟಿಯ ಮೇಲೆ ಒಂದು ಸಂಪರ್ಕಬಿಂದು ಸರಿದು, ವಿದ್ಯುತ್ ಪ್ರತಿರೋಧ ಬದಲಾಗುತ್ತದೆ. ಎರಡನೆಯದು ನೆಟ್ಟಗೆ ನಿಲ್ಲುವ ಕೊಳವೆ. ಅದರ ಸುತ್ತ ಅಯಸ್ಕಾಂತವಿರುವ ಫ್ಲೋಟ್ ಮೇಲೆ ಕೆಳಗೆ ಸರಿಯುತ್ತ, ಕೊಳವೆಯೊಳಗಿನ ರೀಡ್ ಸ್ವಿಚ್ಚುಗಳನ್ನು, ಅಂದರೆ ಅಯಸ್ಕಾಂತ ಹತ್ತಿರ ಬಂದಾಗ ಕೂಡಿಕೊಳ್ಳುವ ಸಣ್ಣ ಸ್ವಿಚ್ಚುಗಳನ್ನು, ಒಂದೊಂದಾಗಿ ಕೂಡಿಸುತ್ತದೆ. ಎರಡರಲ್ಲೂ ಗೇಜಿಗೆ ತಲುಪುವ ಸಂದೇಶ ಇಷ್ಟು ಓಮ್ ಎಂಬ ಪ್ರತಿರೋಧ ಮಾತ್ರ.

ಆ ಓಮ್‌ಗಳ ವ್ಯಾಪ್ತಿ ಎಲ್ಲ ಯಂತ್ರಗಳಿಗೂ ಒಂದೇ ಅಲ್ಲ ಎಂಬುದನ್ನು ಆರಂಭದಲ್ಲೇ ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಅಮೆರಿಕದ ಪದ್ಧತಿಯ ಸೆಂಡರಿನಲ್ಲಿ ಖಾಲಿ ಟ್ಯಾಂಕಿಗೆ 240 ಓಮ್, ಅರ್ಧಕ್ಕೆ ಸುಮಾರು 103, ತುಂಬಿದಾಗ 33 ಓಮ್ ಇರುತ್ತದೆ. ಯುರೋಪಿನ ಪದ್ಧತಿಯಲ್ಲಿ ಇದು ತಲೆಕೆಳಗು: ಖಾಲಿಗೆ ಸುಮಾರು 10 ಓಮ್, ತುಂಬಿದಾಗ 180. ಇವೆರಡಲ್ಲದೆ 0ಯಿಂದ 90ರ ವ್ಯಾಪ್ತಿಯವೂ ಇವೆ. ನಿಮ್ಮ ಯಂತ್ರದ್ದು ಯಾವುದೆಂದು ಸರ್ವಿಸ್ ಪುಸ್ತಕದಲ್ಲಿ ನೋಡಿಕೊಳ್ಳಬೇಕು. ಪುಸ್ತಕ ಸಿಗದಿದ್ದರೆ ಹಳೆಯ ಸೆಂಡರನ್ನು ಹೊರತೆಗೆದ ಮೇಲೆ ತೋಳನ್ನು ಎರಡೂ ತುದಿಗೆ ಒಯ್ದು ಅಳೆದರೆ, ಪಟ್ಟಿ ಪೂರ್ತಿ ಕಡಿದಿರದಿದ್ದಲ್ಲಿ, ವ್ಯಾಪ್ತಿ ತಿಳಿಯುತ್ತದೆ.

ಸೆಂಡರ್ ಕೊಳ್ಳುವ ಮೊದಲು

ಗೇಜು ಸುಳ್ಳು ತೋರಿಸುತ್ತಿದೆ ಎಂದಾಕ್ಷಣ ಸೆಂಡರೇ ಕೆಟ್ಟಿದೆ ಎಂದು ತೀರ್ಮಾನಿಸಿ ಅಂಗಡಿಗೆ ಹೋಗುವುದು ನಾನು ಎಲ್ಲೆಡೆ ಕಾಣುವ ಆತುರ. ತಪ್ಪು ನಾಲ್ಕು ಕಡೆ ಇರಬಹುದು: ಸೆಂಡರಿನಲ್ಲಿ, ಅದರ ಸಿಗ್ನಲ್ ತಂತಿಯಲ್ಲಿ, ಅರ್ಥಿಂಗ್ ತಂತಿಯಲ್ಲಿ, ಅಥವಾ ಗೇಜಿನಲ್ಲಿ. ಇವುಗಳಲ್ಲಿ ಅರ್ಥಿಂಗ್ ತಂತಿ ಅತ್ಯಂತ ಅಗ್ಗದ್ದು, ಅತ್ಯಂತ ಹೆಚ್ಚು ಕೆಡುವಂಥದ್ದು ಮತ್ತು ಎಲ್ಲರೂ ಕೊನೆಗೆ ನೋಡುವಂಥದ್ದು.

ಡೀಸೆಲ್ ಗೇಜಿನ ಜೊತೆಗೆ ಎಂಜಿನ್ ಉಷ್ಣತೆಯ ಗೇಜೂ ಅಡ್ಡಾದಿಡ್ಡಿ ತೋರಿಸುತ್ತಿದ್ದರೆ ಟ್ಯಾಂಕಿನ ಕಡೆ ಹೋಗುವ ಅಗತ್ಯವೇ ಇಲ್ಲ. ಡ್ಯಾಶ್‌ಬೋರ್ಡಿಗೆ ಬರುವ ವಿದ್ಯುತ್ತನ್ನೂ ಅದರ ಅರ್ಥಿಂಗನ್ನೂ ಮೊದಲು ಪರೀಕ್ಷಿಸಬೇಕು. ಡೀಸೆಲ್ ಗೇಜು ಒಂದೇ ತಪ್ಪು ತೋರಿಸುತ್ತಿದ್ದರೆ ಸೆಂಡರಿನ ಕನೆಕ್ಟರ್ ಬಿಚ್ಚಿ, ಕೀ ಆನ್ ಮಾಡಿ ಮುಳ್ಳನ್ನು ಗಮನಿಸಬೇಕು. ಕನೆಕ್ಟರ್ ಕೈಗೆಟುಕಲು ಕ್ಯಾಬ್ ಮಡಚಬೇಕಿದ್ದರೆ, ಅದರ ಬಗ್ಗೆ ಮುಂದೆ ಹೇಳಿರುವ ಕ್ರಮವನ್ನು ಮೊದಲು ಓದಿಕೊಳ್ಳಿ. 240–33 ಪದ್ಧತಿಯಲ್ಲಿ ಕನೆಕ್ಟರ್ ಬಿಚ್ಚಿದಾಗ ಮುಳ್ಳು ಖಾಲಿಗೆ ಇಳಿಯಬೇಕು, ಸಿಗ್ನಲ್ ತಂತಿಯನ್ನು ಅರ್ಥಿಗೆ ತಾಗಿಸಿದಾಗ ತುಂಬಿದ ಕಡೆಗೆ ಏರಬೇಕು. 10–180ರಲ್ಲಿ ಇದರ ವಿರುದ್ಧ. ಮುಳ್ಳು ಎರಡೂ ಕಡೆ ಸರಿಯಾಗಿ ಹೋಗಿ ಬಂದರೆ ಗೇಜೂ ತಂತಿಯೂ ಚೆನ್ನಾಗಿವೆ, ತಪ್ಪು ಸೆಂಡರಿನಲ್ಲಿ ಅಥವಾ ಅದರ ಅರ್ಥಿಂಗಿನಲ್ಲಿದೆ. ಮುಳ್ಳು ಅಲುಗಾಡದಿದ್ದರೆ ಹೊಸ ಸೆಂಡರ್ ಹಾಕಿದರೂ ಅಲುಗಾಡುವುದಿಲ್ಲ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಡಿಜಿಟಲ್ ಡಿಸ್ಪ್ಲೇ ಇರುವ ಯಂತ್ರಗಳಲ್ಲಿ ಸೆಂಡರಿನ ತಂತಿ ಗೇಜಿಗೆ ಹೋಗದೆ ನೇರವಾಗಿ ಕಂಟ್ರೋಲರಿಗೆ ಹೋಗುತ್ತದೆ. ಅಂಥ ತಂತಿಯನ್ನು ಹಾಗೆಯೇ ಅರ್ಥಿಗೆ ತಾಗಿಸಬಾರದು. ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಕೆಲವೇ ರೂಪಾಯಿಗೆ ಸಿಗುವ ಸುಮಾರು 100 ಓಮ್‌ನ ರೆಸಿಸ್ಟರನ್ನು ಸಿಗ್ನಲ್ ತಂತಿಗೂ ಅರ್ಥಿಗೂ ನಡುವೆ ಜೋಡಿಸಿದರೆ 240–33 ಮತ್ತು 10–180ರ ಯಂತ್ರಗಳಲ್ಲಿ ಡಿಸ್ಪ್ಲೇ ಅರ್ಧದ ಆಸುಪಾಸು ತೋರಿಸಬೇಕು.

ಬಳಿಕ ಕೀ ಆಫ್ ಮಾಡಿ, ಮಲ್ಟಿಮೀಟರನ್ನು ಓಮ್ ಸ್ಥಾನಕ್ಕಿಟ್ಟು, ಸೆಂಡರಿನ ಎರಡು ಪಿನ್ನುಗಳ ನಡುವೆ ಅಳೆಯಬೇಕು. ಕಡ್ಡಿಯಿಂದ ನೋಡಿದಾಗ ಟ್ಯಾಂಕು ಅರ್ಧವಿದ್ದು ಮೀಟರ್ ಅನಂತವನ್ನೋ ಸೊನ್ನೆಯನ್ನೋ ತೋರಿಸಿದರೆ, ಅಥವಾ ಯಂತ್ರವನ್ನು ತುಸು ಅಲುಗಾಡಿಸಿದಾಗ ಅಂಕಿ ಎಲ್ಲೆಲ್ಲಿಗೋ ಹಾರಿದರೆ, ಸೆಂಡರ್ ಹೋಗಿದೆ ಎಂದು ನಿಶ್ಚಯಿಸಬಹುದು. ಅರ್ಥಿಂಗ್ ತಂತಿಯನ್ನು ಅದರ ಪಿನ್ನಿನಿಂದ ಬ್ಯಾಟರಿಯ ನೆಗೆಟಿವ್‌ವರೆಗೆ ಅಳೆದಾಗ ಒಂದು ಓಮ್‌ಗಿಂತ ಹೆಚ್ಚು ಬರಬಾರದು. ಈ ತಂತಿಯ ತುದಿ ತುಕ್ಕು ಹಿಡಿದು 30 ಓಮ್ ಹೆಚ್ಚುವರಿ ಸೇರಿತೆಂದುಕೊಳ್ಳಿ: 240–33ರ ಯಂತ್ರದಲ್ಲಿ ತುಂಬಿದ ಟ್ಯಾಂಕಿಗೂ ಮುಳ್ಳು ಮೇಲಿನ ಗೆರೆ ಮುಟ್ಟುವುದಿಲ್ಲ, 10–180ರ ಯಂತ್ರದಲ್ಲಿ ಖಾಲಿ ಟ್ಯಾಂಕಿನಲ್ಲೂ ಡೀಸೆಲ್ ಉಳಿದಿರುವಂತೆ ಕಾಣುತ್ತದೆ. ಎರಡನೆಯದು ಹೆಚ್ಚು ಅಪಾಯಕರ. ಸಣ್ಣ ಲೋಡರುಗಳಲ್ಲಿ ಹೆಚ್ಚಿನವು ಪ್ಲಾಸ್ಟಿಕ್ ಟ್ಯಾಂಕುಗಳು. ಪ್ಲಾಸ್ಟಿಕ್ ವಿದ್ಯುತ್ತನ್ನು ಒಯ್ಯದ ಕಾರಣ ಆ ಒಂದು ತಂತಿ ಬಿಟ್ಟರೆ ಸೆಂಡರಿಗೆ ಬೇರೆ ಅರ್ಥಿಂಗ್ ಇಲ್ಲ.

ಸರಿಯಾದ ಬಿಡಿಭಾಗ

ಕಂಪನಿಯ ಅಸಲಿ ಭಾಗ ಸಿಕ್ಕರೆ ಯಂತ್ರದ ಸೀರಿಯಲ್ ಸಂಖ್ಯೆ ಕೊಟ್ಟು ತರಿಸಿಕೊಳ್ಳುವುದೇ ಉತ್ತಮ. ಒಂದೇ ಮಾದರಿಯಲ್ಲೂ ತಯಾರಾದ ವರ್ಷಕ್ಕೆ ತಕ್ಕಂತೆ ಟ್ಯಾಂಕು ಬದಲಾಗಿರಬಹುದು. ಬೇರೆ ಸೆಂಡರ್ ಹಾಕುವುದಾದರೆ ಓಮ್ ವ್ಯಾಪ್ತಿ, ಫ್ಲೇಂಜಿನ (ಸೆಂಡರನ್ನು ಟ್ಯಾಂಕಿಗೆ ಸ್ಕ್ರೂಗಳಿಂದ ಬಿಗಿಯುವ ಚಪ್ಪಟೆ ತಟ್ಟೆಯ) ತೂತುಗಳ ಜೋಡಣೆ ಮತ್ತು ಟ್ಯಾಂಕಿನ ಆಳ ಈ ಮೂರೂ ಹೊಂದಲೇಬೇಕು. ವ್ಯಾಪ್ತಿ ತಪ್ಪಿದರೆ ಆಗುವ ಅನಾಹುತವನ್ನು ಊಹಿಸಬಹುದು: 240–33ರ ಗೇಜಿಗೆ 10–180ರ ಸೆಂಡರ್ ಜೋಡಿಸಿದರೆ ಟ್ಯಾಂಕು ಬರಿದಾದಂತೆಲ್ಲ ಮುಳ್ಳು ಮೇಲೇರುತ್ತದೆ.

ತೋಳಿನ ಬಗೆಯ ಸಾರ್ವತ್ರಿಕ ಸೆಂಡರಿನಲ್ಲಿ ತೋಳು ತಿರುಗುವ ಕೀಲು ಟ್ಯಾಂಕಿನ ಆಳದ ನಟ್ಟನಡುವೆ ಬರುವಂತೆ ಹೊಂದಿಸಬೇಕು. ತೋಳು ನಡುಮಟ್ಟದಿಂದ ಮೇಲಕ್ಕೂ ಕೆಳಕ್ಕೂ 45 ಡಿಗ್ರಿ ತಿರುಗುವಂಥದ್ದಾದರೆ ಅದರ ಉದ್ದ ಆಳದ ಸುಮಾರು 0.7 ಪಟ್ಟು ಇರಬೇಕು. 300 ಮಿಲಿಮೀಟರ್ ಆಳದ ಟ್ಯಾಂಕಿಗೆ 210 ಮಿಲಿಮೀಟರ್. ಆಳವನ್ನು ಮೇಲಿನ ತೂತಿನಿಂದ ಒಣ ಕಡ್ಡಿ ಇಳಿಸಿ ಅಳೆಯಬೇಕು, ಹೊರಗಿನಿಂದ ಅಂದಾಜು ಮಾಡಬಾರದು. ರೀಡ್ ಸ್ವಿಚ್ ಕೊಳವೆಯನ್ನು ಬಗ್ಗಿಸಲೂ ಕತ್ತರಿಸಲೂ ಬರುವುದಿಲ್ಲವಾದ್ದರಿಂದ ತಳಕ್ಕೆ ತಾಗದಷ್ಟೇ ಉದ್ದದ್ದನ್ನು ಆರಿಸಬೇಕು.

ಫ್ಲೇಂಜಿನ ಕೆಳಗೆ ಸೋರದಂತೆ ಹಾಕುವ ಗ್ಯಾಸ್ಕೆಟ್ಟಿನ ವಿಷಯದಲ್ಲಿ ನಮ್ಮ ಭಾಗದ ಒಂದು ರೂಢಿಯನ್ನು ಬಿಡಲೇಬೇಕು. ಹಳೆಯ ಟೈರ್ ಟ್ಯೂಬ್ ಕತ್ತರಿಸಿ ಗ್ಯಾಸ್ಕೆಟ್ ಮಾಡಿದರೆ ಆ ರಬ್ಬರ್ ಡೀಸೆಲ್ ಹೀರಿ ಉಬ್ಬಿ ಮೆತ್ತಗಾಗುತ್ತದೆ. ಮಾಮೂಲಿ ಸಿಲಿಕೋನ್ ಅಂಟೂ ಇಂಧನದಲ್ಲಿ ಬಾಳುವುದಿಲ್ಲ. ಅದರ ಚೂರುಗಳು ಟ್ಯಾಂಕಿಗೆ ಬಿದ್ದು ಫಿಲ್ಟರ್ ಕಟ್ಟುತ್ತವೆ. ನೈಟ್ರೈಲ್ ರಬ್ಬರಿನ ಹೊಸ ಗ್ಯಾಸ್ಕೆಟ್ಟನ್ನೇ ಹಾಕಬೇಕು.

ಜಾಗ, ಹೊತ್ತು, ಬೆಂಕಿ

ಡೀಸೆಲ್ಲಿಗೆ ಸುಲಭವಾಗಿ ಬೆಂಕಿ ಹತ್ತುವುದಿಲ್ಲ ಎಂಬ ನಂಬಿಕೆ ಇಲ್ಲಿ ಬಲವಾಗಿದೆ. ಭಾರತೀಯ ಮಾನಕ ಐಎಸ್ 1460ರ ಪ್ರಕಾರ ವಾಹನಗಳ ಡೀಸೆಲ್‌ನ ಫ್ಲ್ಯಾಶ್ ಪಾಯಿಂಟ್ ಕನಿಷ್ಠ 35 ಡಿಗ್ರಿ ಸೆಲ್ಸಿಯಸ್ ಇದ್ದರೆ ಸಾಕು, ಅಂದರೆ ಆ ಉಷ್ಣತೆಯಲ್ಲೇ ಅದರ ಆವಿ ಕಿಡಿಗೆ ಹೊತ್ತಿಕೊಳ್ಳಬಹುದು. ವಿಜಯಪುರ, ಬಾಗಲಕೋಟೆಗಳಲ್ಲಿ ಏಪ್ರಿಲ್, ಮೇ ತಿಂಗಳ ಬಿಸಿಲು 40 ಡಿಗ್ರಿ ದಾಟುತ್ತದೆ, ಬಿಸಿ ಎಂಜಿನ್ನಿನ ಪಕ್ಕದ ಟ್ಯಾಂಕು ಅದಕ್ಕಿಂತಲೂ ಬಿಸಿಯಾಗಿರುತ್ತದೆ. ಹೀಗಿರುವಾಗ ಮಧ್ಯಾಹ್ನದ ಬಿಸಿಲಲ್ಲಿ ಟ್ಯಾಂಕು ತೆರೆದು, ಪಕ್ಕದಲ್ಲೇ ವೆಲ್ಡಿಂಗ್ ನಡೆಸುವುದು ಎಂಥ ಅಪಾಯವೆಂದು ಬಿಡಿಸಿ ಹೇಳಬೇಕಾಗಿಲ್ಲ. ಈ ಕೆಲಸಕ್ಕೆ ಬೆಳಗಿನ ತಂಪು ಹೊತ್ತು, ಎಂಜಿನ್ ರಾತ್ರಿಯಿಡೀ ಆರಿದ ಮೇಲೆ, ಗಾಳಿಯಾಡುವ ನೆರಳಿನ ಜಾಗ ತಕ್ಕದ್ದು. ಬಗ್ಯಾಸ್ ರಾಶಿಯ ಹತ್ತಿರ ಎಂದಿಗೂ ಮಾಡಬಾರದು. ಒಣ ಪುಡಿಯ ಬೆಂಕಿ ನಂದಕ ಕೈಗೆಟುಕುವಂತಿರಲಿ. ಬೀಡಿ, ಸಿಗರೇಟು ದೂರವಿರಲಿ, ಟ್ಯಾಂಕು ತೆರೆದ ಮೇಲೆ ಮೊಬೈಲೂ ದೂರವಿರಲಿ.

ಟ್ಯಾಂಕಿನ ಡೀಸೆಲ್ ಅರ್ಧಕ್ಕಿಂತ ಕೆಳಗಿದ್ದರೆ ಕೆಲಸ ಸುಲಭ. ಹೆಚ್ಚಿದ್ದರೆ ಕೈಪಂಪಿನಿಂದ ಮುಚ್ಚಳವಿರುವ ಶುದ್ಧ ಕ್ಯಾನಿಗೆ ತೆಗೆಯಬೇಕು. ಪೈಪಿಗೆ ಬಾಯಿಟ್ಟು ಎಳೆಯುವುದು ಬೇಡ. ಡೀಸೆಲ್ ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಅಪಾಯ.

ಲೋಡರಿನ ತೋಳು ಎತ್ತುವುದು, ಕ್ಯಾಬ್ ಮಡಚುವುದು

ಸೆಂಡರ್ ಎಲ್ಲಿದೆ ಎಂಬುದು ಯಂತ್ರದಿಂದ ಯಂತ್ರಕ್ಕೆ ಬೇರೆ. ಕೆಲವದರಲ್ಲಿ ಹಿಂಬಾಗಿಲು ತೆರೆದು ಒಂದು ತಗಡು ಬಿಚ್ಚಿದರೆ ಕಾಣುತ್ತದೆ, ಅನೇಕ ಮಾದರಿಗಳಲ್ಲಿ ಕ್ಯಾಬನ್ನೇ ಹಿಂದಕ್ಕೆ ಮಡಚಬೇಕು. ಮಡಚಬೇಕಿದ್ದರೆ ಈ ಇಡೀ ಕೆಲಸದಲ್ಲಿ ಪ್ರಾಣಕ್ಕೆ ಸಂಬಂಧಿಸಿದ ಹಂತ ಇದೇ.

ಯಂತ್ರವನ್ನು ಸಮತಟ್ಟಾದ ಗಟ್ಟಿ ನೆಲದ ಮೇಲೆ ನಿಲ್ಲಿಸಿ, ಪಾರ್ಕಿಂಗ್ ಬ್ರೇಕ್ ಹಾಕಿ, ಬಕೆಟ್ಟನ್ನು ಖಾಲಿ ಮಾಡಬೇಕು. ಕ್ಯಾಬ್ ಮಡಚಲು ಲೋಡರಿನ ಬಕೆಟ್ ಹೊತ್ತ ತೋಳು ಮೇಲಿರಬೇಕಾದ ಮಾದರಿಯಾದರೆ, ಕಂಪನಿ ಕೊಟ್ಟಿರುವ ತೋಳಿನ ಆಸರೆಯನ್ನು ಅದರ ಸ್ಥಾನದಲ್ಲಿ ಕೂರಿಸಿ, ಪಿನ್ ಹಾಕಿ, ತೋಳಿನ ಭಾರ ಆಸರೆಯ ಮೇಲೆ ಕೂರುವವರೆಗೆ ನಿಧಾನವಾಗಿ ಇಳಿಸಬೇಕು. ಇದಕ್ಕೆ ಇಬ್ಬರು ಬೇಕು: ಒಬ್ಬರು ಸೀಟಿನಲ್ಲಿ ಬೆಲ್ಟ್ ಹಾಕಿ ಕುಳಿತಿರಬೇಕು, ಇನ್ನೊಬ್ಬರು ಹೊರಗಿನಿಂದ ಆಸರೆ ಕೂರಿಸಬೇಕು. ಹೈಡ್ರಾಲಿಕ್ ಒತ್ತಡ ಹಿಡಿದಿದೆ ಎಂದು ನಂಬಿ, ಅಥವಾ ಮರದ ತುಂಡು, ಕಬ್ಬಿಣದ ಪೈಪು ಕೊಟ್ಟು, ಎತ್ತಿದ ತೋಳಿನ ಕೆಳಗೆ ಕೈಯನ್ನೂ ಇಡಬಾರದು. ಒಂದು ಹೋಸ್ ಒಡೆದರೆ ತೋಳು ಕೂಗುವಷ್ಟು ಸಮಯವನ್ನೂ ಕೊಡುವುದಿಲ್ಲ. ಆಸರೆ ಕಳೆದುಹೋಗಿರುವ ಯಂತ್ರವಾದರೆ ಅದು ಬರುವವರೆಗೆ ಕಡ್ಡಿಯಿಂದಲೇ ಡೀಸೆಲ್ ಅಳೆಯುತ್ತಿರಿ.

ಕ್ಯಾಬಿನ ಮುಂಭಾಗದ ನಟ್ಟುಗಳನ್ನು ಬಿಚ್ಚಿ ಹಿಂದಕ್ಕೆ ಎತ್ತಿದ ಮೇಲೆ ಅದರ ಲಾಕ್ ಕೂತಿದೆಯೇ ಎಂದು ಕಣ್ಣಾರೆ ನೋಡಬೇಕು. ಹಳೆಯ ಯಂತ್ರಗಳಲ್ಲಿ ಕ್ಯಾಬನ್ನು ಎತ್ತಿ ಹಿಡಿಯುವ ಗ್ಯಾಸ್ ಸ್ಟ್ರಟ್ ಬಲ ಕಳೆದುಕೊಂಡಿರುತ್ತದೆ. ನಂತರ ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ಬಿಚ್ಚಬೇಕು.

ಹಳೆಯದನ್ನು ತೆಗೆಯುವುದು

ಟ್ಯಾಂಕಿನ ನೆತ್ತಿಯ ಮೇಲೆ ಬೂದಿ, ಕಲ್ಲುಪುಡಿ, ಎಣ್ಣೆ ಸೇರಿ ಗಟ್ಟಿ ಪದರವೇ ಆಗಿರುತ್ತದೆ. ಅದನ್ನು ಬ್ರಷ್ಷಿನಿಂದ ಕೆರೆದು, ಕಂಪ್ರೆಸರ್ ಗಾಳಿಯಿಂದ ಊದಿ, ಡೀಸೆಲ್ಲಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸುವ ಕೆಲಸವೆಲ್ಲ ಸೆಂಡರ್ ಬಿಚ್ಚುವ ಮೊದಲೇ ಮುಗಿಯಬೇಕು. ತೂತು ತೆರೆದ ಮೇಲೆ ಗಾಳಿ ಹೊಡೆದರೆ ಧೂಳೆಲ್ಲ ಟ್ಯಾಂಕಿನೊಳಗೇ ಹೋಗುತ್ತದೆ. ಒರೆಸಲು ಹತ್ತಿಯ ವೇಸ್ಟ್ ಬಳಸಬೇಡಿ, ಅದರ ಎಳೆಗಳು ಫಿಲ್ಟರಿಗೆ ಹೋಗಿ ಕೂರುತ್ತವೆ. ನಾರು ಬಿಡದ ಹಳೆಯ ಬಟ್ಟೆ ಸಾಕು.

ಕನೆಕ್ಟರ್ ಬಿಚ್ಚುವ ಮುನ್ನ ತಂತಿಗಳ ಬಣ್ಣ ಮತ್ತು ಸ್ಥಾನದ ಫೋಟೋ ತೆಗೆದುಕೊಳ್ಳಿ. ಫ್ಲೇಂಜಿನ ಅಂಚಿನಿಂದ ಟ್ಯಾಂಕಿನ ಮೇಲೆ ಒಂದು ಗುರುತಿನ ಗೆರೆಯನ್ನೂ ಎಳೆಯಬೇಕು, ಏಕೆಂದರೆ ತೋಳು ಯಾವ ದಿಕ್ಕಿಗೆ ಚಾಚಿತ್ತು ಎಂಬುದು ಹೊಸದನ್ನು ಕೂರಿಸುವಾಗ ಬೇಕಾಗುತ್ತದೆ. ಐದು ಸ್ಕ್ರೂಗಳ ಫ್ಲೇಂಜಿನಲ್ಲಿ ತೂತುಗಳ ಅಂತರ ಸಮನಾಗಿರುವುದಿಲ್ಲ, ಹಾಗಾಗಿ ಅದು ಒಂದೇ ದಿಕ್ಕಿನಲ್ಲಿ ಕೂರುತ್ತದೆ. ತಿರುಗಿಸಿ ಬಿಚ್ಚುವ ಲಾಕ್ ರಿಂಗ್ ಇದ್ದರೆ ಹಿತ್ತಾಳೆಯ ಅಥವಾ ಮರದ ತುಂಡಿಟ್ಟು ಮೆಲ್ಲಗೆ ತಟ್ಟಬೇಕು. ಉಕ್ಕಿನ ಉಳಿಯಿಂದ ಹೊಡೆದರೆ ಕಿಡಿ ಹಾರಬಹುದು, ಪ್ಲಾಸ್ಟಿಕ್ ಸೀಳಲೂಬಹುದು.

ಸೆಂಡರನ್ನು ನೇರವಾಗಿ ಮೇಲಕ್ಕೆ ಎಳೆಯಲು ಹೋದರೆ ಫ್ಲೋಟ್ ತೂತಿನ ಅಂಚಿಗೆ ಸಿಕ್ಕಿಕೊಳ್ಳುತ್ತದೆ. ಸ್ವಲ್ಪ ಎತ್ತಿ, ಓರೆ ಮಾಡಿ, ತೋಳು ಹೊರಬರುವ ದಿಕ್ಕಿಗೆ ತಿರುಗಿಸುತ್ತ ತೆಗೆಯಬೇಕು. ಕೆಲವು ಮಾದರಿಗಳಲ್ಲಿ ಡೀಸೆಲ್ ಎಳೆಯುವ ಮತ್ತು ಮರಳಿ ಬರುವ ಪೈಪುಗಳೂ ಇದೇ ಫ್ಲೇಂಜಿನಲ್ಲಿರುತ್ತವೆ. ಅವಕ್ಕೆ ಬೇರೆ ಬೇರೆ ಬಣ್ಣದ ಟೇಪ್ ಸುತ್ತಿ ಗುರುತು ಮಾಡಬೇಕು. ಹೊರತೆಗೆದ ತಕ್ಷಣ ತೂತನ್ನು ಶುದ್ಧ ಬಟ್ಟೆಯಿಂದ ಮುಚ್ಚಿ.

ಹಳೆಯ ಸೆಂಡರನ್ನು ಒಮ್ಮೆ ಪರೀಕ್ಷಿಸಿ ನೋಡುವುದು ಒಳ್ಳೆಯದು. ಫ್ಲೋಟ್ ಕಿವಿಯ ಹತ್ತಿರ ಹಿಡಿದು ಅಲುಗಿಸಿದಾಗ ಒಳಗೆ ಡೀಸೆಲ್ ಕುಲುಕುವ ಸದ್ದು ಬಂದರೆ ಅದು ತೂತಾಗಿ ಮುಳುಗಿದೆ. ತೋಳು ಬಗ್ಗಿದ್ದರೆ ಯಾರೋ ಅಳತೆಯ ಕಡ್ಡಿ ಅಥವಾ ಪಂಪಿನ ಪೈಪು ತುರುಕಿರಬೇಕು. ಅಂಟು ಅಂಟಾದ ಕಪ್ಪು ಲೋಳೆ ಮೆತ್ತಿದ್ದರೆ ಅದು ಟ್ಯಾಂಕಿನಲ್ಲಿ ನೀರು ಸೇರಿದ ಲಕ್ಷಣ: ಡೀಸೆಲ್ಲಿಗಿಂತ ಭಾರವಾದ ನೀರು ತಳದಲ್ಲಿ ನಿಂತು, ಎರಡೂ ಸೇರುವ ಗಡಿಯಲ್ಲಿ ಸೂಕ್ಷ್ಮಜೀವಿಗಳು ಬೆಳೆಯುತ್ತವೆ. ಅಂಥ ಟ್ಯಾಂಕನ್ನು ಪೂರ್ತಿ ಖಾಲಿ ಮಾಡಿ, ತೊಳೆದು, ಫಿಲ್ಟರನ್ನೂ ಬದಲಾಯಿಸಬೇಕು. ಹಾಗೆ ಮಾಡದೆ ಹೊಸ ಸೆಂಡರ್ ಇಳಿಸಿದರೆ ಅದಕ್ಕೂ ಅದೇ ಗತಿಯಾಗುತ್ತದೆ.

ಇಳಿಸುವ ಮೊದಲು ಪರೀಕ್ಷೆ

ಬಹುತೇಕರು ಬಿಟ್ಟುಬಿಡುವ, ಆದರೆ ನಾನು ಯಾವ ಕಾರಣಕ್ಕೂ ಬಿಡಬೇಡಿ ಎನ್ನುವ ಹಂತ ಇದು. ಹೊಸ ಸೆಂಡರನ್ನು ಮೇಜಿನ ಮೇಲಿಟ್ಟು, ಫ್ಲೋಟನ್ನು ಕೆಳಗಿನಿಂದ ಮೇಲಿನವರೆಗೆ ನಿಧಾನವಾಗಿ ಒಯ್ಯುತ್ತ ಮಲ್ಟಿಮೀಟರ್ ನೋಡಬೇಕು. ತೋಳಿನ ಬಗೆಯದರಲ್ಲಿ ಅಂಕಿ ಒಂದೇ ಸಮನೆ ಏರಬೇಕು ಅಥವಾ ಇಳಿಯಬೇಕು, ನಡುವೆ ಎಲ್ಲೂ ಕಡಿಯಬಾರದು. ರೀಡ್ ಸ್ವಿಚ್ ಬಗೆಯದರಲ್ಲಿ ಅದು ಮೆಟ್ಟಿಲು ಮೆಟ್ಟಿಲಾಗಿ ಬದಲಾಗುವುದು ಸಹಜ, ಅದನ್ನು ದೋಷವೆಂದು ತಿಳಿಯಬೇಕಿಲ್ಲ.

ಅನಂತರ ಟ್ಯಾಂಕಿನ ತೂತನ್ನು ಭದ್ರವಾಗಿ ಮುಚ್ಚಿ, ಚೆಲ್ಲಿದ ಡೀಸೆಲ್ ಒರೆಸಿ, ಸೆಂಡರನ್ನು ಟ್ಯಾಂಕಿನಿಂದ ಸಾಧ್ಯವಾದಷ್ಟು ದೂರ ಹಿಡಿದು ಯಂತ್ರದ ಕನೆಕ್ಟರಿಗೆ ಜೋಡಿಸಬೇಕು. ಬ್ಯಾಟರಿ ಸಂಪರ್ಕ ಕೊಟ್ಟು ಕೀಯನ್ನು ಆನ್ ಸ್ಥಾನಕ್ಕೆ ಮಾತ್ರ ತಿರುಗಿಸಿ. ಎಂಜಿನ್ ಚಾಲೂ ಮಾಡಬೇಡಿ. ಫ್ಲೋಟ್ ಕೆಳಗಿದ್ದಾಗ ಮುಳ್ಳು ಖಾಲಿಯನ್ನೂ, ಮೇಲಿದ್ದಾಗ ತುಂಬಿದ್ದನ್ನೂ ತೋರಿಸಬೇಕು. ಡೀಸೆಲ್ ಕುಲುಕಿದಾಗಲೆಲ್ಲ ಮುಳ್ಳು ಕುಣಿಯಬಾರದೆಂದು ಅನೇಕ ಗೇಜುಗಳನ್ನು ನಿಧಾನವಾಗಿ ಸರಿಯುವಂತೆ ಮಾಡಿರುತ್ತಾರೆ, ಆದ್ದರಿಂದ ಪ್ರತಿ ಸ್ಥಾನದಲ್ಲೂ ಒಂದು ನಿಮಿಷ ಕಾಯಬೇಕು. ಹತ್ತು ನಿಮಿಷದ ಈ ಪರೀಕ್ಷೆ ಕ್ಯಾಬನ್ನು ಮತ್ತೊಮ್ಮೆ ಮಡಚುವ ಶ್ರಮವನ್ನು ಉಳಿಸುತ್ತದೆ. ಮುಗಿದ ಮೇಲೆ ಬ್ಯಾಟರಿಯನ್ನು ಪುನಃ ಬಿಚ್ಚಿ.

ಕೂರಿಸುವುದು

ಹಳೆಯ ಗ್ಯಾಸ್ಕೆಟ್ಟಿನ ಅವಶೇಷವನ್ನು ಪ್ಲಾಸ್ಟಿಕ್ ತುಂಡಿನಿಂದ ಕೆರೆದು ತೆಗೆಯಬೇಕು. ಹೊಸ ಗ್ಯಾಸ್ಕೆಟ್ಟಿಗೆ ಒಂದು ಹನಿ ಡೀಸೆಲ್ ಸವರಿ, ಸೆಂಡರನ್ನು ತೆಗೆದ ದಾರಿಯಲ್ಲೇ ಓರೆಯಾಗಿ ಇಳಿಸಿ, ಗುರುತಿನ ಗೆರೆಗೆ ಹೊಂದಿಸಬೇಕು. ತೋಳು ಟ್ಯಾಂಕಿನ ಗೋಡೆಗಾಗಲಿ, ಒಳಗಿನ ಅಡ್ಡತಡೆಗಾಗಲಿ, ಡೀಸೆಲ್ ಎಳೆಯುವ ಪೈಪಿಗಾಗಲಿ ತಾಗಬಾರದು.

ಸ್ಕ್ರೂಗಳನ್ನು ಮೊದಲು ಐದನ್ನೂ ಬೆರಳಿನಿಂದಲೇ ಹಿಡಿಸಿ, ಆಮೇಲೆ ಎದುರುಬದಿರಾಗಿ ಸ್ವಲ್ಪ ಸ್ವಲ್ಪವೇ ಬಿಗಿಯಬೇಕು. ಪ್ಲಾಸ್ಟಿಕ್ ಟ್ಯಾಂಕಿನಲ್ಲಿ ಕೂರಿಸಿದ ಹಿತ್ತಾಳೆಯ ಆಟೆ (ಸ್ಕ್ರೂ ಹಿಡಿಯುವ ತಿರುಪಿನ ತುಂಡು) ಕಿತ್ತುಬಂದರೆ ಸ್ಕ್ರೂ ಮತ್ತೆ ಹಿಡಿಯುವುದೇ ಇಲ್ಲ. ಉದ್ದ ಹಿಡಿಕೆಯ ಪಾನಾ ಇಲ್ಲಿ ಬೇಡ. ಗ್ಯಾಸ್ಕೆಟ್ ಸುತ್ತಲೂ ಒಂದೇ ಸಮನಾಗಿ ಅದುಮಿದಂತೆ ಕಂಡಾಗ ನಿಲ್ಲಿಸಬೇಕು. ಅರ್ಥಿಂಗ್ ತಂತಿಯ ಇನ್ನೊಂದು ತುದಿ ಚಾಸಿಗೆ ಸೇರುವಲ್ಲಿ ಬಣ್ಣ, ತುಕ್ಕುಗಳನ್ನು ಮರಳು ಕಾಗದದಿಂದ ತಿಕ್ಕಿ ಲೋಹ ಹೊಳೆಯುವಂತೆ ಮಾಡಿ ಬಿಗಿಯಬೇಕು. ಕನೆಕ್ಟರಿಗೆ ಡೈಎಲೆಕ್ಟ್ರಿಕ್ (ವಿದ್ಯುತ್ ಹರಿಸದ) ಗ್ರೀಸ್ ಸವರಿದರೆ ಧೂಳೂ ತೇವವೂ ಒಳಸೇರುವುದಿಲ್ಲ. ಡೀಸೆಲ್ ಪೈಪುಗಳನ್ನು ಬಿಚ್ಚಿದ್ದರೆ ಕ್ಲಾಂಪ್ ಹಾಕಿ, ಕೈ ಪ್ರೈಮರಿನಿಂದ (ಕೈಯಿಂದ ಒತ್ತಿ ಡೀಸೆಲ್ ತುಂಬುವ ಸಣ್ಣ ಪಂಪಿನಿಂದ) ಗಾಳಿ ತೆಗೆಯಬೇಕು. ಬಳಿಕ ಕ್ಯಾಬನ್ನು ಇಳಿಸಿ ನಟ್ಟುಗಳನ್ನು ಪುಸ್ತಕದಲ್ಲಿ ಹೇಳಿದಷ್ಟೇ ಬಿಗಿದು, ಬ್ಯಾಟರಿ ಜೋಡಿಸಿ, ಕೊನೆಗೆ ಲೋಡರಿನ ತೋಳಿನ ಆಸರೆ ತೆಗೆಯಬೇಕು.

ತುಂಬಿಸಿ ಅಳೆಯುವುದು

ಯಂತ್ರವನ್ನು ಸಮತಟ್ಟಿನಲ್ಲಿ ನಿಲ್ಲಿಸಿ, ಹತ್ತು ಹತ್ತು ಲೀಟರ್ ಡೀಸೆಲ್ ಹಾಕುತ್ತ, ಪ್ರತಿ ಬಾರಿ ಮುಳ್ಳು ಎಲ್ಲಿ ನಿಂತಿತೆಂದು ಬರೆದುಕೊಳ್ಳಬೇಕು. ಸಣ್ಣ ಲೋಡರಿನ ಟ್ಯಾಂಕು ಸಿಕ್ಕಿದ ಜಾಗದಲ್ಲಿ ಕೂರುವಂತೆ ಮೂಲೆಮೂಲೆಯಾಗಿ ರೂಪಿಸಿದ್ದಾಗಿರುತ್ತದೆ. ಆದ್ದರಿಂದ ಮುಳ್ಳು ಅರ್ಧಕ್ಕೆ ಬಂದಾಗ ಡೀಸೆಲ್ಲೂ ಅರ್ಧವೇ ಇರುತ್ತದೆಂದು ತಿಳಿಯಬಾರದು. 60 ಲೀಟರ್ ಟ್ಯಾಂಕಿನಲ್ಲಿ ಮೇಲಿನ ಅರ್ಧ ಅಗಲವಾಗಿದ್ದು ಕೆಳಗೆ ಕಿರಿದಾಗಿದ್ದರೆ, ಮುಳ್ಳು ಅರ್ಧಕ್ಕಿಳಿದ ಮೇಲೆ ಉಳಿದಿರುವುದು 30 ಲೀಟರಿಗಿಂತ ಕಡಿಮೆ, ಮತ್ತು ಅಲ್ಲಿಂದ ಮುಂದೆ ಅದು ಬೇಗ ಇಳಿಯುತ್ತದೆ. ಇದನ್ನು ತಿಳಿಯದ ಮಾಲೀಕರಿಗೆ ಮಧ್ಯಾಹ್ನದ ನಂತರ ಡೀಸೆಲ್ ಎಲ್ಲೋ ಹೋಗುತ್ತಿದೆ ಎನಿಸುವುದು ಸಹಜ. ಬರೆದುಕೊಂಡ ಅಂಕಿಗಳನ್ನು ಒಂದು ಚೀಟಿಯಲ್ಲಿ ಬರೆದು ಕ್ಯಾಬಿನೊಳಗೆ ಅಂಟಿಸಿ, ಮಾಲೀಕರೂ ಚಾಲಕರೂ ಒಟ್ಟಿಗೆ ನೋಡಿ ಒಪ್ಪಿಕೊಂಡರೆ ಮುಂದೆ ಲೆಕ್ಕದ ತಕರಾರು ಬರುವುದಿಲ್ಲ.

ಟ್ಯಾಂಕು ತುಂಬಿದ ಮೇಲೆ ಎಂಜಿನನ್ನು ಹದಿನೈದು ನಿಮಿಷ ನಡೆಸಿ, ಯಂತ್ರವನ್ನು ಸಣ್ಣ ಇಳಿಜಾರಿನಲ್ಲಿ ಮೂತಿ ಕೆಳಗಾಗಿ ಒಮ್ಮೆ, ಮೇಲಾಗಿ ಒಮ್ಮೆ ನಿಲ್ಲಿಸಿ ಫ್ಲೇಂಜಿನ ಸುತ್ತ ತೇವ ಕಾಣಿಸುತ್ತದೆಯೇ ನೋಡಬೇಕು. ಇಳಿಜಾರಿನಲ್ಲಿ ಮುಳ್ಳು ತುಸು ಬದಲಾದರೆ ಗಾಬರಿ ಬೇಡ. ವಾರದ ಕೆಲಸದ ನಂತರ ಗ್ಯಾಸ್ಕೆಟ್ ಹೊಂದಿಕೊಂಡು ಸ್ಕ್ರೂಗಳು ಕೊಂಚ ಸಡಿಲವಾಗಿರಬಹುದು. ಕ್ಯಾಬ್ ಮಡಚದೆ ಕೈ ಎಟುಕುವ ಮಾದರಿಯಾದರೆ ಅವನ್ನು ಇನ್ನೊಮ್ಮೆ ಮುಟ್ಟಿ ನೋಡಿ, ಎಟುಕದಿದ್ದರೆ ಮುಂದಿನ ಫಿಲ್ಟರ್ ಬದಲಾವಣೆಯ ದಿನ ಮರೆಯದೆ ಬಿಗಿಯಿರಿ.